ಐದನೆಯ ಮನೆ

ಕೊಲ್ಹಾರದ ಸೇತುವೆ ಕೆಳಗೆ, ಹಿನ್ನೀರ ದಂಡೆ.
ಬೆಳಗಿನಿಂದ ಹನ್ನೊಂದು ಜಿಲೇಬಿ ಮೀನು ಕೊಯ್ದೆ.
ಉದ್ದ, ತೂಕ, ಲಿಂಗ, ಹೊಟ್ಟೆ:
ಪಟ್ಟಿಯಲ್ಲಿ ನಾಲ್ಕೇ ಮನೆ.
ಗಂಡಿನ ಹೊಟ್ಟೆಯಲ್ಲಿ ಪಾಚಿ, ಕೆಸರು, ಹುಳದ ರೆಕ್ಕೆ.
ಹೆಣ್ಣಿನದು ಖಾಲಿ. ಮತ್ತೊಂದು, ಖಾಲಿ.
ಏಳೂ ಖಾಲಿ.

ಮೇವಿಲ್ಲವೇ? ರೋಗವೇ? ನೀರು ಕೆಟ್ಟಿತೇ?
ಅಂಚಿನಲ್ಲಿ ಪೆನ್ಸಿಲ್ಲಿನ ಪ್ರಶ್ನೆಚಿಹ್ನೆ.

ಬಲೆ ಬಿಡಿಸುತ್ತಿದ್ದ ಅಂಬಿಗೇರ ತಿಪ್ಪವ್ವ
ತಲೆ ಎತ್ತದೆ ಅಂದಳು:
"ಹೊಟ್ಟಿ ಕೊಯ್ದು ಏನ್ ನೋಡ್ತೀರಿ ಬಾಯಾರ?
ಬಾಯಿ ತಗದ್ ನೋಡ್ರಿ."

ಹನ್ನೆರಡನೆಯದು. ಇನ್ನೂ ಮಿಸುಕುತ್ತಿತ್ತು.
ದವಡೆ ಬಿಡಿಸಿದೆ.
ಜೋಳದ ನುಚ್ಚಿನಂಥ ಮರಿಗಳು
ಬೋಗುಣಿ ನೀರಿಗೆ ಉದುರಿದವು, ಕಣ್ಣಷ್ಟೇ ಕಪ್ಪು.

"ಬಲಿಗೆ ಬಿದ್ದ ಕೂಡ್ಲೆ ಉಗಳಿಬಿಡ್ತಾವ್ರಿ,
ಮರೀನರ ಉಳೀಲಿ ಅಂತ.
ನಿಮಗ ಸಿಗೂದು ಬರೇ ಹಸದ ಹೊಟ್ಟಿ.
ಇದೊಂದು ಬಿಟ್ಟಿಲ್ಲ ನೋಡ್ರಿ."

ಸ್ಕೇಲಿಲ್ಲದೆ ಒಂದು ಗೆರೆ ಎಳೆದೆ, ಸೊಟ್ಟಗೆ.
ಮೇಲೆ ಬರೆದೆ: ಬಾಯಿ.
ಹಿಂದಿನ ಏಳಕ್ಕೆ ಏನು ತುಂಬಲಿ?

ಬೋಗುಣಿಯಲ್ಲಿ ಹೆಬ್ಬೆರಳಿಟ್ಟೆ,
ನೀರು ಬಿಸಿಯಾಯಿತೇ ಎಂದು ನೋಡುವ ನೆಪಕ್ಕೆ.
ಅದರ ನೆರಳಿಗೆ
ಒಂದು, ಮತ್ತೆರಡು, ಆಮೇಲೆ ಎಲ್ಲವೂ
ಬಂದು ಮುತ್ತಿದವು
ಬಾಗಿಲು ಹುಡುಕುತ್ತ.