ನಿಲ್ಲಿಸಿದಾಗ, ನಡೆಸಿದಾಗ

ಅಮ್ಮತ್ತಿ ಶಾಲೆಯ ಹಾಕಿ ಮೈದಾನ. ಡಿ ಗೆರೆಯ ಸುಣ್ಣ
ಇನ್ನೂ ಮಾಸಿಲ್ಲ, ಅದರ ಮೇಲೇ ಗೂಟ ನೆಟ್ಟು ಹಗ್ಗ ಸುತ್ತಿ
ರಿಂಗು ಮಾಡಿದ್ದಾರೆ.
ಜನವರಿಯ ಹತ್ತು ಗಂಟೆ. ಯಾರದೋ ಕಣದಲ್ಲಿ ಹರಡಿದ
ಕಾಫಿಹಣ್ಣಿನ ಹುಳಿವಾಸನೆ ಬೇಲಿ ದಾಟಿ ಬರುತ್ತಿದೆ.
ನನ್ನ ಕೊರಳಲ್ಲಿ ತೀರ್ಪುಗಾರ್ತಿ ಎಂಬ ರಟ್ಟು.

ಏಳು ಮಾಸ್ಟಿಫ್. ಒಂದೊಂದೂ ನನಗಿಂತ ತೂಕ.
ಕಣ್ಣು ನಂಬಬೇಡ, ಎನ್ನುತ್ತಿದ್ದರು
ವಿರಾಜಪೇಟೆಯ ಮುದುಕ ಡಾಕ್ಟರು ಮೊಣ್ಣಪ್ಪ:
ಕೂದಲು ಸುಳ್ಳು ಹೇಳುತ್ತದೆ, ಕೊಬ್ಬು ಸುಳ್ಳು ಹೇಳುತ್ತದೆ,
ಮಾಲೀಕನ ಮಾತಂತೂ ಬಿಡು.
ಮೂಳೆ ಮಾತ್ರ ಇದ್ದದ್ದು ಇದ್ದ ಹಾಗೆ.

ಆದ್ದರಿಂದ ಅಂಗೈ.
ತಲೆಬುರುಡೆಯಿಂದ ಸುರು: ಚೌಕವೋ, ಬರೀ ದೊಡ್ಡದೋ.
ಮೂತಿ ಗಿಡ್ಡವಿರಲಿ, ಉಸಿರು ಗಿಡ್ಡ ಬೇಡ.
ತುಟಿ ಎತ್ತಿ ಹಲ್ಲು ಎಣಿಸುತ್ತೇನೆ; ಜೊಲ್ಲು ಮಣಿಕಟ್ಟಿನವರೆಗೆ,
ಬಳೆ ಈ ದಿನ ಹಾಕಿ ಬರುವುದಿಲ್ಲ.
ಭುಜದ ಓರೆಗೆ ಹೆಬ್ಬೆರಳು, ಮೊಣಕೈಗೆ ಉಳಿದ ನಾಲ್ಕು,
ಎದೆ ಅಲ್ಲಿಯತನಕ ಇಳಿದಿದೆಯೆ?
ಪಕ್ಕೆಯ ಮೇಲೆ ಹಸ್ತ ಊರಿದರೆ ಒಳಗೆ
ಯಾರೋ ಮೆಟ್ಟಿಲು ಹತ್ತುತ್ತಿರುವ ಹಾಗೆ ಗುಂಡಿಗೆ,
ಅವಸರವಿಲ್ಲದೆ.
ಕೊನೆಗೆ ಬಾಲದ ಕೆಳಗೆ, ಎರಡೂ ಇವೆಯೋ ಎಂದು.
ಹಗ್ಗದಾಚೆ ಹುಡುಗರ ನಗು.
ನಗಲಿ, ಅದೂ ಶರತ್ತಿನಲ್ಲಿ ಬರೆದದ್ದೇ.

ನಾಲ್ಕನೇ ನಂಬರು. ಜಿಂಕೆಬಣ್ಣ, ಕರಿಮುಖ.
ಹಿಡಿದು ನಿಂತವರು ಪೆಮ್ಮಯ್ಯ, ಇಸ್ತ್ರಿ ಮುರಿಯದ ಕೋಟು,
ಎಸ್ಟೇಟಿನ ಗೇಟಿಗೆ ಇದರದೇ ಚಿತ್ರ ಬರೆಸಿದ್ದಾರಂತೆ.
ನಿಲ್ಲಿಸಿದಾಗ ತಪ್ಪೇ ಇಲ್ಲ.
ಬೆನ್ನಿನ ಮೇಲೆ ಲೋಟ ಇಟ್ಟರೆ ತುಳುಕದು.
"ನಡೆಸಿ," ಎಂದೆ.

ನಡೆಸಿದರು. ನಾಯಿ ನಡೆಯಲಿಲ್ಲ, ಎಳೆಸಿಕೊಂಡಿತು.
ಒಂದೇ ಬದಿಯ ಎರಡು ಕಾಲೂ ಒಟ್ಟಿಗೆ ಎತ್ತಿ,
ಹಳೆ ಬೀರುವನ್ನು ಇಬ್ಬರು ಕೋಣೆ ದಾಟಿಸುವ ಹಾಗೆ
ಒಮ್ಮೆ ಈ ಮೂಲೆ, ಒಮ್ಮೆ ಆ ಮೂಲೆ.
ಬೆರಳು ಹೇಳಿದ ಸೊಂಟಕ್ಕೂ ಕಣ್ಣು ಕಂಡ ಸೊಂಟಕ್ಕೂ
ತಾಳೆಯಾಗಲಿಲ್ಲ.
ಮತ್ತೊಂದು ಸುತ್ತು. ಅದೇ ಬೀರು.

ಆಗ ನೋಡಿದೆ. ಪ್ರತಿ ತಿರುವಿನಲ್ಲೂ ಅದು ಕತ್ತು ಹೊರಳಿಸುವುದು
ಒಂದೇ ಕಡೆಗೆ: ಜೀಪಿನ ಹಿಂದೆ, ನೀರಿನ ಬಕೆಟ್ಟು ಹಿಡಿದು
ನಿಂತ ಒಬ್ಬನ ಕಡೆಗೆ.
"ಇದಕ್ಕೆ ಅನ್ನ ಹಾಕುವುದು ಯಾರು?"
"ಚುಬ್ರ. ನಮ್ಮ ಲೈನಿನವನು."
"ಅವನು ಹಿಡಿಯಲಿ."
ಪೆಮ್ಮಯ್ಯ ಕೋಟಿನ ಗುಂಡಿ ಮುಟ್ಟಿಕೊಂಡರು.
ಹಿಡಿಯುವವರು ಇಂಥವರೇ ಎಂದು ನಿಯಮದಲ್ಲಿಲ್ಲ,
ನನಗಿಂತ ಚೆನ್ನಾಗಿ ಅದು ಅವರಿಗೇ ಗೊತ್ತು.

ಚುಬ್ರ ಬಕೆಟ್ಟು ಇಟ್ಟ. ಹಗ್ಗದ ಹೊರಗೆ ಚಪ್ಪಲಿ ಬಿಟ್ಟ.
ಇದು ದೇವಸ್ಥಾನವಲ್ಲ ಎನ್ನಹೋಗಿ ಸುಮ್ಮನಾದೆ.
ಸರಪಳಿ ಬಿಗಿಯಲಿಲ್ಲ, ಹೆಸರು ಕೂಗಲಿಲ್ಲ,
ನಾಲಿಗೆಯಲ್ಲಿ ಒಂದು ಸದ್ದು ಮಾಡಿದ,
ಅಕ್ಷರಕ್ಕೆ ಸಿಗದ್ದು.

ಹೊರಟಿತು.
ಮುಂಗಾಲು ಮೂಗಿನ ತುದಿಯ ನೇರಕ್ಕೆ ಚಾಚಿ ನೆಲ ಹಿಡಿಯಿತು,
ಹಿಂಗಾಲು ಆ ನೆಲವನ್ನು ಹಿಂದಕ್ಕೆ ತಳ್ಳಿತು,
ನಡುವೆ ಬೆನ್ನು, ತನಗೇನೂ ಸಂಬಂಧವಿಲ್ಲವೆಂಬಂತೆ,
ಸಾಗಿತು.
ಎಂಬತ್ತು ಕೇಜಿ. ಸದ್ದೆಂದರೆ ಸರಪಳಿಯದೊಂದೇ.
ಹುಡುಗರ ನಗು ಯಾವಾಗ ನಿಂತಿತೋ.
ಇನ್ನೊಂದು ಸುತ್ತು ಬೇಕಿರಲಿಲ್ಲ. ಕೇಳಿದೆ.

ಹಾಳೆಯಲ್ಲಿ ಬರೆದೆ: ತಲೆ ಉತ್ತಮ. ಎದೆ ಆಳ.
ಕೆಳರೆಪ್ಪೆ ತುಸು ಸಡಿಲ.
ಚಲನೆಗೆ ಬಿಟ್ಟ ಜಾಗ ಎರಡು ಬೆರಳಗಲ.
'ಸರಿ' ಎಂದಷ್ಟೇ ಹಿಡಿಸಿತು.

ಮೊದಲ ಬಹುಮಾನ. ಕಪ್ಪಿನ ಮೇಲೆ
ಮಾಲೀಕರ ಹೆಸರಿಗೆ ಮಾತ್ರ ತಗಡು ಅಂಟಿಸಿರುತ್ತಾರೆ.
ಫೋಟೋಗೆ ನಾಯಿಯನ್ನು ಮತ್ತೆ ನಿಲ್ಲಿಸಿದರು.
ನಿಂತಿತು, ತಪ್ಪೇ ಇಲ್ಲದೆ.

ಚುಬ್ರ ಜೀಪಿನ ಕಡೆ ಹೋಗುತ್ತಿದ್ದ. ಎಡಸೊಂಟ ಇಳಿಕೆ,
ಪಾದ ಹೊರಕ್ಕೆ ತಿರುಗಿದೆ, ಮೂಳೆ ಕೂಡಿಸದೆ ಬಿಟ್ಟ ಹಳೆಯ ಏಟು.
ಬೇಡವೆಂದರೂ ಕಣ್ಣು ನಂಬರು ಹಾಕಿತು.
ನಾಚಿಕೆಯಾಯಿತು.

ಕೈಯೆಲ್ಲ ಜೊಲ್ಲು. ತೊಳೆಯಲೆಂದು
ಅವನ ಬಕೆಟ್ಟಿಗೆ ಬಗ್ಗಿದೆ.
"ಅದು ನಾಯಿಗೆ," ಎಂದ.