ಹೋದ ವರ್ಷದ ಅಂಗಿ

ಏರುದಾರಿ. ಬೆನ್ನಿಗೆ ಹಲಗೆ.
ಕುಚುಮತಾನೆಸ್ ಬೆಟ್ಟದಲ್ಲಿ ಮಂಜು ಇನ್ನೂ ಎದ್ದಿಲ್ಲ,
ನಾಯಿಗಳು ಎದ್ದಿವೆ.
ಹಲಗೆಗೆ ತಲೆಕಡೆ ಒಂದು ತಡೆ, ಕಾಲಕಡೆ ಒಂದು,
ನಡುವೆ ಗೀಟುಗಳು.
ಮೊದಮೊದಲು ಕಂಡವರು
ಮಗುವಿನ ಶವಪೆಟ್ಟಿಗೆಯ ಮುಚ್ಚಳವೆಂದುಕೊಂಡು
ಬಾಗಿಲು ಹಾಕಿಕೊಳ್ಳುತ್ತಿದ್ದರು.

ಕತರೀನಾ ಹಾಕಿಕೊಳ್ಳಲಿಲ್ಲ.
ಸೊಂಟಕ್ಕೆ ಮಗ್ಗ ಬಿಗಿದುಕೊಂಡೇ ನಕ್ಕಳು:
"ನೋಡಕ್ಕಾ, ಚೆಪಾಗೆ ವರ್ಷ ತುಂಬಿದಾಗ ನೇಯ್ದ ಅಂಗಿ.
ಎರಡು ತುಂಬುತ್ತಾ ಬಂತು, ಇನ್ನೂ ಸರಿಯಾಗಿದೆ.
ಒಳ್ಳೆ ನೂಲು. ಬಾಳಿಕೆ ಬಂತು."

ನೂಲಲ್ಲ ಕತರೀನಾ, ಅನ್ನಬೇಕಿತ್ತು.
ಮಗುವನ್ನು ಮಲಗಿಸು ಅಂದೆ.
ಅವಳು ತಲೆ ಹಿಡಿದಳು, ನಾನು ಮಂಡಿ ಒತ್ತಿದೆ.
ಚೆಪಾ ಕಣಿವೆಯಾಚೆಗೂ ಕೇಳುವ ಹಾಗೆ ಅತ್ತಳು;
ಗಂಟಲೊಂದು ವಯಸ್ಸಿಗೆ ತಕ್ಕಂತೆ ಬೆಳೆದಿತ್ತು.
ಎಪ್ಪತ್ತಾರು.
ಎಂಬತ್ತೈದರ ಹತ್ತಿರ ಇರಬೇಕಿತ್ತು.
ನನ್ನ ಬೆರಳಡಿ ಒಂಬತ್ತು ಗೀಟು ಖಾಲಿ.

ಅರ್ಧ ಗೇಣು. ಎಲ್ಲಿ ಹೋಯಿತು?

ಗೂಡಿನಲ್ಲಿ ನಾಲ್ಕು ಮೊಟ್ಟೆ, ಕಣ್ಣಾರೆ ಕಂಡೆ.
ಗುರುವಾರ ಸಂತೆಗೆ ಇಳಿಯುತ್ತವೆ,
ನೂಡಲ್ಸ್ ಆಗಿ ಹತ್ತಿ ಬರುತ್ತವೆ:
ಎರಡು ಪೊಟ್ಟಣ, ನೀರು ಧಾರಾಳ ಸುರಿದರೆ ಆರು ಬಾಯಿ.
ಲೆಕ್ಕ ತಪ್ಪಲ್ಲ. ನಾನೂ ಮಾಡಿದ್ದೇನೆ ಆ ಲೆಕ್ಕ.
ತೊರೆಯ ನೀರು ಕುದಿಯಲು ಸೌದೆ ಬೇಕು,
ಸೌದೆಗೆ ಎರಡು ತಾಸಿನ ನಡಿಗೆ,
ಹಾಗಾಗಿ ತಿಂಗಳಿಗೆರಡು ಸಲ ಭೇದಿ.
ಕೋಳಿ ಕೆದಕಿದ ನೆಲದಲ್ಲೇ ಅಂಬೆಗಾಲು,
ಅದೇ ಬೆರಳು ಬಾಯಿಗೆ.
ಸೀಸೆಯಲ್ಲಿ ಸಕ್ಕರೆ ಕಲಸಿದ ತೆಳು ಕಾಫಿ,
ಯಾಕೆಂದರೆ ಎದೆಹಾಲು ತಮ್ಮನ ಪಾಲು.
ತಮ್ಮ ಇನ್ನೂ ಹುಟ್ಟಿಲ್ಲ,
ಮಗ್ಗದ ಪಟ್ಟಿಯ ಕೆಳಗೆ ಉಬ್ಬಿದ್ದಾನೆ.
ಕತರೀನಾಗೆ ಹತ್ತೊಂಬತ್ತು.

"ನಾವೇ ಗಿಡ್ಡ ಜನ" ಅಂದಳು ಅತ್ತೆ ಎಉಲಾಲಿಯಾ,
ಒಲೆಯ ಮುಂದಿನಿಂದ ತಿರುಗದೆ.
"ಈ ಗಾಳಿಗೆ ಎತ್ತರ ಆಗಿಬರಲ್ಲ."

ಫೋನು ತೆಗೆದು ತೋರಿಸಿದೆ.
ನನ್ನ ತಂಗಿ ಗಡಿ ದಾಟಿ ಹೋಗಿ
ಕೋಳಿ ಕೊಯ್ಯುವ ಕಾರ್ಖಾನೆಯಲ್ಲಿದ್ದಾಳೆ;
ಅವಳ ಮಗಳು, ಹನ್ನೆರಡು ವರ್ಷ,
ಅಮ್ಮನಿಗಿಂತ ಒಂದು ತಲೆ ಮೇಲೆ.
ಅದೇ ರಕ್ತ, ಅದೇ ಚಪ್ಪಟೆ ಮೂಗು, ನಮ್ಮಜ್ಜಿಯದೇ ಗದ್ದ.
ಎಉಲಾಲಿಯಾ ಬೆರಳಿನ ಹಿಟ್ಟು ಒರೆಸಿಕೊಂಡು
ಬಹಳ ಹೊತ್ತು ನೋಡಿದಳು.
"ಇವಳಿಗೆ ಅಂಗಿ ನೇಯೋದು ಕಷ್ಟ" ಅಂದಳು.

ಕಾರ್ಡಿನಲ್ಲಿ ಚುಕ್ಕೆ ಇಟ್ಟೆ, ಕೆಂಪು ಗೆರೆಗಿಂತ ಕೆಳಗೆ.
ತಲೆಯೆತ್ತಿದರೆ ಕತರೀನಾ
ತಟ್ಟೆ ಹಿಡಿದು ನಿಂತಿದ್ದಳು: ಚಿಟಿಕೆ ಉಪ್ಪು,
ಬೇಯಿಸಿದ ಒಂದು ಮೊಟ್ಟೆ.
ನನಗೆ.
"ದೂರದಿಂದ ಬಂದಿದ್ದೀ."

ಒಲ್ಲೆ ಅಂದರೆ ಮನೆಗೆ ಅವಮಾನ.
ಅಂದುಬಿಟ್ಟು ಹೋದ ಹುಡುಗರು ಗೊತ್ತು ನನಗೆ,
ರಾಜಧಾನಿಯಿಂದ ಬಂದವರು;
ಆಮೇಲೆ ಅವರಿಗೆ ಯಾರೂ ಮಗುವನ್ನು ಅಳೆಯಲು ಕೊಡಲಿಲ್ಲ.
ಸಿಪ್ಪೆ ಸುಲಿದು ಬಿಳಿಯನ್ನು ತಿಂದೆ, ನಿಧಾನಕ್ಕೆ,
ಎಲ್ಲರೂ ನೋಡುತ್ತಿರಲು.
ಹಳದಿಯನ್ನು ಅಂಗೈಯಲ್ಲಿ ಉಳಿಸಿಕೊಂಡೆ.

ಬಿಕ್ಕುತ್ತಲೇ ಚೆಪಾ ಹತ್ತಿರ ಬಂದಳು.
ಮೊದಲ ತುಣುಕು ಉಗುಳಿದಳು,
ಅಂಗಿಯ ಕೆಂಪು ಪಟ್ಟೆಯ ಮೇಲೆ.
ಎರಡನೆಯದನ್ನು ನಾಲಗೆಯಲ್ಲಿ ಇಟ್ಟುಕೊಂಡು ಯೋಚಿಸಿದಳು.

ಗೂಡಿನಲ್ಲಿ ಈಗ ಮೂರು.
ಇವತ್ತು ಮಂಗಳವಾರ.