ಐಲಿಬಾಯಿ

ಅಕಿ ಹೆಸರು ಐಲಿ. ನಮ್ಮ ಕಡೆ ಐಲು ಅಂದ್ರ
ತಲಿ ಕೆಟ್ಟದ್ದು. ಮೊದಲ ದಿನಾನ ನಕ್ಕೆವು.
ಅಕಿನೂ ನಕ್ಕಳು, ಅರ್ಥ ಕೇಳಿ ಮತ್ತೊಮ್ಮೆ ನಕ್ಕಳು,
ವಹಿಯೊಳಗ ಬರಕೊಂಡಳು.

ಫಿನ್ಲೆಂಡ್ ಎಲ್ಲೈತಿ ಅಂತ ಹಳೇ ಬಾಗಲಕೋಟಿಯೊಳಗ
ಯಾರಿಗೂ ಗೊತ್ತಿರಲಿಲ್ಲ. ಪೋಸ್ಟ್ ಮಾಸ್ತರ ಇಂಗಳಗಿ ಅವರಿಗೆ ಮಾತ್ರ
ಒಂದು ಸ್ಟಾಂಪಿನಷ್ಟು ಗೊತ್ತಿತ್ತು.
ನಡುವ ಕೂತು ಅವರ ಮಾತು ದಾಟಸತಿದ್ದರು,
ಅರ್ಧಾ ದಾಟತಿತ್ತು, ಅರ್ಧಾ ಮುಳಗತಿತ್ತು.

ಆಗ ಊರಿನ ಗ್ವಾಡಿಗೆಲ್ಲ ನಂಬರ ಹಚ್ಚಿದ್ದರು,
ನೀರಾಗ ಹೋಗೋ ಮನಿಗೆ ಒಂದೊಂದು, ಕೆಂಪು ಬಣ್ಣ.
ನಮ್ಮ ಪ್ರೆಸ್ಸಿನ ಕದಕ್ಕ ನಾಕನೂರಾ ಹದಿನೇಳು.
ನಾನು ಮೊಳಿ ಜೋಡಸಾಂವ. ಮೂವತ್ತು ವರ್ಷ
ಲಗ್ನಪತ್ರಿಕಿ, ನಾಟಕದ ಹಾಂಡಬಿಲ್ಲು, ಸತ್ತವರ ಕಾರ್ಡು,
ಅಕ್ಷರ ತಿರುವಿ ಓದೂದ ಹೊಟ್ಟಿಪಾಡು.
ಅಕಿ ಒಂದು ಮೊಳಿ ಎತ್ತಿ ಬೆಳಕಿಗೆ ಹಿಡದು
ನನ್ನ ಕಡೆ ನೋಡಿದಳು,
ದೂರದ ಸಂಬಂಧಿಕರನ್ನ ಸಂತಿಯೊಳಗ ಕಂಡಂಗ.

ಟ್ರೆಡಲ್ ಮಿಷನ್ ಅಕಿಗೆ ನಡಿಯಾಂಗಿಲ್ಲ.
ಎರಡು ಉರುಳಿ ಬೇಕು, ನಡುವ ಹಲಗಿ, ಭಾರ.
ಲೇಥಿನ ದಸ್ತಗೀರ ಗುಜರಿಯಿಂದ
ಸಕ್ಕರಿ ಕಾರ್ಖಾನಿಯ ಮುರಕ ಶಾಫ್ಟ್ ತಂದು
ಹನ್ನೊಂದು ದಿನ ಹೆರದ. ಪತ್ತಾರ ಮೌನೇಶಪ್ಪ
ತೇಜಾಬು ಕೊಟ್ಟ, ಮೂಗಿಗೆ ವಸ್ತ್ರ ಕಟಗೋ ಅಂದ.
ಉರುಳಿ ಕೆಳಗ ಹಾಸಾಕ ಕುರುಬರ ಕಂಬಳಿ.
ಅದರ ಒರಟು ನೂಲು ಮೊದಲ ಚಿತ್ರದ ಮುಗಿಲಿನಾಗ
ಮೂಡಿಬಿಡ್ತು. ಅಳಸಲಿಲ್ಲ ಅಕಿ.
ಮುಗಿಲಿಗೆ ಕಂಬಳಿ ಇರಲಿ ಅಂದಳು,
ಅಥವಾ ಇಂಗಳಗಿಯವರು ಹಂಗ ಅಂದರು.

ತಾಮ್ರದ ತಗಡು, ಮ್ಯಾಲ ಮೇಣ, ಮೇಣದ ಮ್ಯಾಲ ಸೂಜಿ.
ಸೂಜಿ ಹೋದಲ್ಲಿ ತೇಜಾಬು ಕಚ್ಚತೈತಿ,
ಕಚ್ಚಿದಲ್ಲಿ ಮಸಿ ಕೂಡತೈತಿ. ಉಳದದ್ದು ಬಿಳಿ.
ಬಿಳಿ ಬಳಿಯೂದಲ್ಲ, ಬಿಡೂದು.
ಅಕಿ ದೇಶದಾಗ ಅದು ಹಿಮ ಆಗಿತ್ತು,
ನಮ್ಮಲ್ಲಿ ಮಧ್ಯಾಹ್ನ ಎರಡರ ಬಿಸಲು.

ಒಂದಿನ ಕರೆಂಟ್ ಹೋದಾಗ ಚಹಾ ಕುಡಕೋತ
ಕಡ್ಡಿಪೆಟಗಿ ತಿರುವಿ ತಿರುವಿ ನೋಡಿದಳು. ಹದಿನಾರಕ್ಕ
ಅದರ ಚೀಟಿ ಬರಿಯೂದು ಮೊದಲ ನೌಕರಿಯಂತ.
ಅದಕ್ಕೂ ಮೊದಲು, ಒಂಬತ್ತರಾಗ,
ಯುದ್ಧ ಬಂದು ಊರ ಗಡಿಯಾಚೆ ಹೋತು.
ಒಲಿ ಮ್ಯಾಲ ಗಂಜಿ ಬಿಟ್ಟು, ಕದಕ್ಕ ಕೀಲಿ ಹಾಕಿ
ಅವ್ವ ಕೀಲಿಕೈ ಮಾತ್ರ ತಂದಿದ್ದಳು.
ಮೇಜಿನ ಧೂಳಿನಾಗ ಬೆರಳಿನಿಂದ
ಕೀಲಿಕೈಯ ಹಲ್ಲು ಬರದು ತೋರಿಸಿದಳು, ಮೂರು ಹಲ್ಲು.
ಇಂಗಳಗಿಯವರು ಆಮ್ಯಾಲ ಏನೂ ದಾಟಸಲಿಲ್ಲ.

ಐವತ್ತೆರಡು ಕದ ಬರದಳು. ಮಂದಿ ಇಲ್ಲ, ಬರೇ ಕದ.
ಸುದ್ದಿ ಹಬ್ಬಿ ಮಂದಿ ಸಾಲ ಹಚ್ಚಿದರು:
ಬಾಯಿ, ನಮ್ಮ ನಂಬರ ದಪ್ಪಗ ಬರೀರಿ,
ಪರಿಹಾರ ನಾಕ ರೂಪಾಯಿ ಹೆಚ್ಚ ಬಂದರ ಬರಲಿ.

ಕಡೀದು ನಮ್ಮ ಪ್ರೆಸ್ಸಿಂದು. ಕಾಗದ ಎತ್ತಿದಳು,
ಮಸಿ ಹಸಿ ಇತ್ತು. ನಾನ ಮೊದಲ ಕಂಡೆ:
ನಂಬರ ಉಲ್ಟಾ. ತಗಡಿನ ಮ್ಯಾಲ ತಿರುವಿ ಕೊರಿಯೂದು ಮರತಾಳ.
ತಪ್ಪಾಗೇತಿ ಬಾಯಿ, ಅಂದೆ.
ಗಳಿಗಿ ಸುಮ್ಮನಿದ್ದಳು. ರಟ್ಟಿ ಹಿಡದು ಒಳಗ ಕರಕೊಂಡು
ಕದ ಹಾಕಿದಳು. ಸಂದಿಯಿಂದ ಬೆಳಕು ಗೆರಿ ಗೆರಿ.
ಇಲ್ಲಿಂದ, ಅಂದಳು ಕನ್ನಡದಾಗ. ಇಲ್ಲಿಂದ ಸರಿ.

ತಪ್ಪ ಅದು. ಮೂವತ್ತು ವರ್ಷ ಉಲ್ಟಾ ಓದಿದಾಂವಗ
ಅಷ್ಟು ತಿಳಿಯಾಂಗಿಲ್ಲೇನು?
ಆದರ ಅದೊಂದ ನಾನು ಇಸಗೊಂಡೆ.

ನೀರು ಬಂತು. ನವನಗರದಾಗ ನಮಗೊಂದು ಸೆಕ್ಟರ್ ಬಂತು.
ದಸ್ತಗೀರನ ಉರುಳಿ ಈಗ ಅವನ ಅಂಗಳದಾಗ
ಹುಡುಗರು ಕೂಡೋ ಬೆಂಚು. ಅಕಿಗೆ ಹಾಕಿದ ಎರಡನೇ ಪತ್ರ
ಗೊತ್ತಿಲ್ಲದ ಭಾಷಾದ ಸಿಕ್ಕಾ ಬಡಸಕೊಂಡು ವಾಪಸ್ ಬಂತು.

ಮೊನ್ನಿ ಬ್ಯಾಸಗಿಗೆ ಹಿನ್ನೀರ ಇಳದಾಗ ಹೋಗಿದ್ದೆ.
ಹೊಸ್ತಿಲದ ಕಲ್ಲು ಐತಿ, ಕೆಸರು, ಸಿಂಪಿ.
ಒಳಗ ಅನ್ನೋ ಕಡೆ ಹುಡುಕಿ ನಿಂತೆ,
ಇಲ್ಲದ ಕದ ಹಾಕಿಕೊಂಡೆ,
ಓದಿದೆ.